ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಮ್ಮ ಅತ್ತೆಯವರು ಇರುವ ಕಡೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಮೈಸೂರಿನಲ್ಲಿದ್ದರೆ ಮೈಸೂರಿನಲ್ಲಿ, ಜಪಾನಿಗೆ ಬಂದರೆ ಜಪಾನಿನಲ್ಲಿ. ಅವರು ಬೇಕೆಂದು ಏನೂ ಮಾಡುವುದಿಲ್ಲ, ಪಾಪ. ತಮ್ಮ ಪಾಡಿಗೆ ತಾವು ಕನ್ನಡಕ ಒರೆಸಿಕೊಂಡು ಕೂತಿರುತ್ತಾರೆ. ಆದರೂ ನಡೆಯುತ್ತದೆ, ಮತ್ತು ನಡೆದಾಗಲೆಲ್ಲ ಅಲ್ಲಿ ನಾನು ಇರುತ್ತೇನೆ.

ನಾವಿರುವುದು ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ. ನಾನು, ನನ್ನ ಹೆಂಡತಿ, ಇಲ್ಲೇ ಹುಟ್ಟಿದ ಏಳು ವರ್ಷದ ಮಗಳು. ಅತ್ತೆ ಮೂರು ತಿಂಗಳಿಗೆಂದು ಬಂದವರು ಬಂದ ದಿನವೇ ಹೇಳಿಬಿಟ್ಟರು: "ಇದೊಂದೇ ಸಲ. ಮಗಳ ಮನೆಗೆ ಪದೇ ಪದೇ ಬರಬಾರದು. ಅಳಿಯಂದಿರು ಒಳ್ಳೆಯವರು ಅಂತ ನಾವು ಸಲಿಗೆ ತಗೋಬಾರದು."

ಹೊಗಳಿಕೆಯೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಮಗಳಿಗೆ ಮಾತ್ರ ಚಿಂತೆ ಹತ್ತಿಕೊಂಡಿತು. ಅಜ್ಜಿಯ ಪಕ್ಕದಲ್ಲಿ ಮಲಗುವುದಕ್ಕೆ ಅವಳು ಎರಡೇ ದಿನದಲ್ಲಿ ಒಗ್ಗಿಹೋಗಿದ್ದಳು. ದಿನಕ್ಕೊಂದು ಸಲ ಕೇಳುವಳು, "ಅಜ್ಜಿ, next year ಬರ್ತೀಯಾ?" ಅತ್ತೆ ಅವಳ ತಲೆ ಸವರಿ, "ನೋಡೋಣ" ಎನ್ನುವರು. ನಮ್ಮ ಮನೆಗಳಲ್ಲಿ 'ನೋಡೋಣ' ಎಂದರೆ ಏನೆಂದು ಏಳು ವರ್ಷದ ಮಗುವಿಗೂ ಗೊತ್ತಿರುತ್ತದೆ. ಬೊಂಬೆ ಕೇಳಿದಾಗ, ನಾಯಿಮರಿ ಕೇಳಿದಾಗ ನಾವು ಹೇಳಿದ್ದೂ ಅದನ್ನೇ. ಬೊಂಬೆಯೂ ಬರಲಿಲ್ಲ, ನಾಯಿಮರಿಯೂ ಬರಲಿಲ್ಲ.

ಅತ್ತೆಯ ಬೇಸರಕ್ಕೆ ಇನ್ನೊಂದು ಕಾರಣವಿತ್ತು. "ಒಂದು ಲೋಟ ಸಕ್ಕರೆ ಕೊಡೋರಿಲ್ಲ, ಇಸ್ಕೊಳ್ಳೋರಿಲ್ಲ. ಬಾಗಿಲು ತೆಗೆದ್ರೆ ಎದುರು ಮನೆಯೋರು ನಮಸ್ಕಾರ ಮಾಡಿ ಬಾಗಿಲು ಹಾಕ್ಕೋತಾರೆ. ಇಲ್ಲಿ ನನಗೇನು ಕೆಲಸ?" ಮಾತು ನಿಜವೇ ಆಗಿತ್ತು.

ಗಣಪತಿಗೆ ಸೀಟ್ ಬೆಲ್ಟ್

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರೊಬ್ಬರಿದ್ದಾರೆ. ಅವರ ಅಪ್ಪ ಅಮ್ಮ ಚಿಬಾ ಸೀಮೆಯ ಒಳಗೆ, ಗದ್ದೆಗಳ ನಡುವಿನ ಒಂದು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ. ಇವರೂ ದಿನಾ ಅಲ್ಲಿಂದಲೇ ಕಚೇರಿಗೆ ಬಂದು ಹೋಗುತ್ತಾರೆ. ಸೆಪ್ಟೆಂಬರ್ ಬಂತೆಂದರೆ ಅಲ್ಲಿ ಹಸಿ ಕಡಲೆಕಾಯಿ ಕೀಳುವ ಕಾಲ. "ಶನಿವಾರ ಎಲ್ಲರೂ ಬನ್ನಿ, ಮಗು ಗಿಡ ಕೀಳಲಿ" ಎಂದು ಕರೆದರು. ಸಂತೋಷದಿಂದ ಒಪ್ಪಿದೆ. ಆ ಶನಿವಾರವೇ ಚೌತಿ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಜಪಾನಿನಲ್ಲಿ ಬರುತ್ತೇನೆಂದು ಹೇಳಿ ದಿನ ಬದಲಾಯಿಸುವುದಕ್ಕಿಂತ ಮನೆ ಬದಲಾಯಿಸುವುದು ಸುಲಭ.

"ಬೆಳಿಗ್ಗೆ ಬೇಗ ಪೂಜೆ ಮುಗಿಸೋಣ ಅಮ್ಮ, ಸಂಜೆ ಬಂದು ನೀರಿಗೆ ಬಿಡೋಣ" ಎಂದಳು ಹೆಂಡತಿ.

"ಅಲ್ಲಿವರೆಗೂ ಗಣಪತಿ?"

"ಮನೇಲಿರ್ತಾನೆ."

ಅತ್ತೆ ಮಗಳ ಮುಖವನ್ನೇ ನೋಡಿದರು. "ಮನೆಗೆ ಬಂದ ನೆಂಟರನ್ನ ಒಳಗೆ ಕೂರಿಸಿ, ಹೊರಗಿಂದ ಬೀಗ ಹಾಕ್ಕೊಂಡು ಕಡಲೆಕಾಯಿ ತಿನ್ನೋಕೆ ಹೋಗ್ತೀರಾ?"

ಹೀಗಾಗಿ ಗಣಪತಿಯೂ ಹೊರಟ. ಅತ್ತೆ ಮತ್ತು ಮೊಮ್ಮಗಳು ಸೇರಿ ಮಾಡಿದ್ದ ಗೇಣುದ್ದದ ಮಣ್ಣಿನ ಗಣಪತಿ. ಇಲಿಗೆ ನಮ್ಮ ಮಗಳು ಕಾರ್ಟೂನಿನಲ್ಲಿರುವಷ್ಟು ದೊಡ್ಡ ಕಣ್ಣು ಬರೆದಿದ್ದಳು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಗೂ ಮಗಳಿಗೂ ನಡುವೆ ಮಣೆಯಿಟ್ಟು ಕೂರಿಸಿ, ಅತ್ತೆ ತಮ್ಮ ಕೈಯಾರೆ ಬೆಲ್ಟ್ ಹಾಕಿದರು. ನಾನು ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನಿಂದ, "ಅಳಿಯಂದಿರೇ, ನಿಧಾನ, ಸೊಂಡಿಲು" ಎಂಬ ದನಿ ಬರುತ್ತಿತ್ತು.

ಹಳ್ಳಿಯ ಮನೆಯ ಅಂಗಳದಲ್ಲಿ ಪಕ್ಕದ ಮೇಜಿನವರ ತಂದೆ, ಆ ಹಳ್ಳಿಯ ಅಜ್ಜ, ಹುಲ್ಲಿನ ಟೋಪಿ ತೆಗೆದು ನಮಗೆಲ್ಲ ಬಾಗಿ ನಮಸ್ಕರಿಸಿದರು. ಕಾರಿನೊಳಗೆ ಇಣುಕಿದವರು ಗಣಪತಿಗೂ ಅಷ್ಟೇ ಬಾಗಿದರು. ನಮ್ಮ ದೇವರು, ಒಬ್ಬನನ್ನೇ ಬಿಟ್ಟು ಬರುವ ಹಾಗಿರಲಿಲ್ಲ, ಕ್ಷಮಿಸಿ ಎಂದು ನನ್ನ ಅರೆಬರೆ ಜಪಾನಿಯಲ್ಲಿ ಹೇಳಿದೆ. ಅಜ್ಜನಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಊರಿನಲ್ಲೂ ಶರತ್ಕಾಲದ ಹಬ್ಬಕ್ಕೆ ದೇವರನ್ನು ಹೊತ್ತು ಬೀದಿ ಬೀದಿ ತಿರುಗಿಸುತ್ತಾರಂತೆ. ಅವರು ಬೆಲ್ಟ್ ಕಟ್ಟಿಕೊಂಡು ಕೂತ ಗಣಪತಿಯನ್ನು ಬಹಳ ಹೊತ್ತು ನೋಡಿ, ಸೊಂಟ ನೀವಿಕೊಂಡು ಹೇಳಿದರು: "ನಮ್ಮ ದೇವರೂ ಹೀಗೆ ಕಾರಿನಲ್ಲಿ ಬರಲು ಒಪ್ಪಿದ್ದರೆ ನನ್ನ ಬೆನ್ನು ಇವತ್ತು ನೆಟ್ಟಗಿರುತ್ತಿತ್ತು."

ಚಂದ್ರನಿಗೆ ಅಡ್ಡ

ಅಜ್ಜನ ಹೆಂಡತಿ, ಹಳ್ಳಿಯ ಅಜ್ಜಿ, ನಮ್ಮ ಮಗಳ ಕೈಯಲ್ಲಿ ಕೀಳಿಸಿದ ಕಡಲೆಕಾಯಿಯನ್ನು ತೊಳೆದು, ದೊಡ್ಡ ಪಾತ್ರೆಯಲ್ಲಿ ಉಪ್ಪು ನೀರು ಹಾಕಿ ಬೇಯಿಸಿ ತಂದಿಟ್ಟರು. ಅತ್ತೆ ಒಂದು ಬಿಡಿಸಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಅಯ್ಯೋ, ಇದು ನಮ್ಮದೇ ಅಲ್ವೇನೇ! ಬೇಯಿಸಿದ ಕಡಲೆಕಾಯಿ ತಿನ್ನೋಕೆ ಇಷ್ಟು ದೂರ ವಿಮಾನದಲ್ಲಿ ಬಂದ ಹಾಗಾಯ್ತು." ಅಂಗಳದ ಜಗಲಿಯಲ್ಲಿ ಇಬ್ಬರು ಹೆಂಗಸರೂ ಎದುರುಬದುರು ಕೂತು ಸಿಪ್ಪೆ ಬಿಡಿಸತೊಡಗಿದರು. ಭಾಷೆ ಇಲ್ಲ. ಬೆರಳು ಮಡಚಿ ವಯಸ್ಸು ಹೇಳಿಕೊಂಡರು. ನಮ್ಮ ಅತ್ತೆ ಎರಡು ವರ್ಷ ದೊಡ್ಡವರು ಎಂದು ತೀರ್ಮಾನವಾಯಿತು. ಅತ್ತೆ ತಾವು ತಂದಿದ್ದ ಸ್ಟೀಲ್ ಡಬ್ಬಿ ತೆರೆದು ಚೌತಿಯ ಸಿಹಿ ಕಡುಬು ಕೊಟ್ಟರು. ಹಳ್ಳಿಯ ಅಜ್ಜಿ ಎರಡು ತಿಂದರು, ಮೂರನೆಯದನ್ನು ಗಂಡನಿಂದ ಮುಚ್ಚಿಟ್ಟರು.

ಸಂಜೆ ಗಣಪತಿಯನ್ನು ಬಾವಿಯ ಪಕ್ಕ ನೀಲಿ ಬಕೆಟ್ಟಿನಲ್ಲಿ ಬಿಟ್ಟೆವು. ಮಣ್ಣು ಕರಗಿದ ನೀರನ್ನು ಅಜ್ಜ ತಾವೇ ಹೊಲಕ್ಕೆ ಹೊಯ್ದರು. ಹೊರಡುವಾಗ ಪಶ್ಚಿಮದ ಗುಡ್ಡದ ಮೇಲೆ ಎಳೆಯ ಚಂದ್ರ ಕಾಣುತ್ತಿದ್ದ. ಶರತ್ಕಾಲದ ಚಂದ್ರನನ್ನು ನೆಂಟರಿಗೆ ತೋರಿಸದೆ ಕಳಿಸುವುದು ಅಲ್ಲಿಯವರಿಗೆ ಆಗದ ಮಾತು. ಅಜ್ಜ ಕೈಯೆತ್ತಿ, "ನೋಡಿ, ನೋಡಿ" ಎಂದರು.

ಅತ್ತೆ ತಟ್ಟನೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು.

ಅಜ್ಜ ಗಾಬರಿಯಾದರು. ಅಜ್ಜಿ ನೀರು ತರಲು ಓಡಿದರು. ಹುಷಾರು ತಪ್ಪಿಲ್ಲ, ಈ ಒಂದು ದಿನ ಚಂದ್ರನನ್ನು ನೋಡಿದರೆ ಇಲ್ಲದ ಕಳ್ಳತನದ ಅಪವಾದ ಬರುತ್ತದೆ ಎಂಬ ನಂಬಿಕೆ ಎಂದು ನಾನು ವಿವರಿಸಿದೆ. ಅಜ್ಜ ಒಂದು ಕ್ಷಣ ಯೋಚಿಸಿದರು. ಆಮೇಲೆ ತಮ್ಮ ಹುಲ್ಲಿನ ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿ ಚಂದ್ರನಿಗೆ ಅಡ್ಡ ಹಿಡಿದು, ಹಿಮ್ಮುಖವಾಗಿ ಹೆಜ್ಜೆಯಿಡುತ್ತ, ಅತ್ತೆಯನ್ನು ಕಾರಿನ ಬಾಗಿಲವರೆಗೂ ಕರೆತಂದರು. ಅಷ್ಟು ಮರ್ಯಾದೆಯನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಅಡ್ಡ ಹಿಡಿದದ್ದು ಅತ್ತೆಗೆ ಮಾತ್ರ. ಕಾರು ಓಡಿಸುವವನು ನಾನು, ಚಂದ್ರ ನೇರ ಎದುರಿಗೆ. ಮನೆ ಸೇರಿ ಚೀಲ ಬಿಚ್ಚುತ್ತಿದ್ದಂತೆ ಒಳಗಿನಿಂದ ದನಿ ಬಂತು: "ಅಳಿಯಂದಿರೇ, ತಪ್ಪು ತಿಳ್ಕೋಬೇಡಿ. ನನ್ನ ಸ್ಟೀಲ್ ಡಬ್ಬಿ ನೀವೇನಾದ್ರೂ ತಗೊಂಡ್ರಾ?"

ಶಾಂತಿ ಮಾತುಕತೆ

ಡಬ್ಬಿ ಹಳ್ಳಿಯಲ್ಲೇ ಉಳಿದಿತ್ತು. ಹಳ್ಳಿಯ ಅಜ್ಜಿ ತೊಳೆದು ಒರೆಸಿ ಇಟ್ಟಿದ್ದರು, ಆದರೆ ಖಾಲಿ ಕೊಡುವುದು ಹೇಗೆಂದು ನಾವು ಹೊರಡುವಾಗ ಕೊಟ್ಟಿರಲಿಲ್ಲ. ಸೋಮವಾರ ನನ್ನ ಮೇಜಿನ ಮೇಲೆ ಅದು ಹೂವಿನ ಚಿತ್ರದ ಚೌಕದ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಕೂತಿತ್ತು. ಒಳಗೆ ತುಂಬ ಬೇಯಿಸಿದ ಕಡಲೆಕಾಯಿ.

ಅತ್ತೆ ಗಂಟು ಬಿಚ್ಚಿದರು. ಮುಖ ಅರಳಿತು. ಮರುಕ್ಷಣ, "ಈಗ ಈ ಬಟ್ಟೆ ವಾಪಸ್ ಕೊಡಬೇಕಲ್ಲ, ಖಾಲಿ ಬಟ್ಟೆ ಕೊಡಕ್ಕಾಗುತ್ತಾ?" ಎಂದು ಸೊಂಟಕ್ಕೆ ಸೆರಗು ಸಿಗಿಸಿಕೊಂಡರು. ಬುಧವಾರ ನಾನು ತೋಜೈ ಲೈನ್ ರೈಲಿನಲ್ಲಿ ಚಕ್ಕುಲಿ ತುಂಬಿದ ಅದೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಇಂಗಿನ ವಾಸನೆಗೆ ಅಕ್ಕಪಕ್ಕ ಎರಡು ಸೀಟು ಖಾಲಿಯಾದವು. ಅದರ ಮುಂದಿನ ವಾರ ಡಬ್ಬಿ ಹೆಚ್ಚಿದ ಪೇರ್ ಹಣ್ಣಿನೊಡನೆ ಬಂತು, ಕೋಡುಬಳೆಯೊಡನೆ ಹೋಯಿತು, ಉಪ್ಪಿನಲ್ಲಿಟ್ಟ ಬದನೆಯೊಡನೆ ಬಂತು. ಅತ್ತೆ ಈಗ ಬೆಳಿಗ್ಗೆ ಎದ್ದಕೂಡಲೇ, "ಇವತ್ತು ಡಬ್ಬಿ ಬರುತ್ತಾ?" ಎಂದು ಕೇಳತೊಡಗಿದರು. ಬೇಸರದ ಮಾತು ಕೇಳಿ ಬಹಳ ದಿನವಾಗಿತ್ತು.

ಸೋತದ್ದು ನಾವಿಬ್ಬರು, ಸಾಗಿಸುವವರು. ಒಂದು ಮಧ್ಯಾಹ್ನ ಪಕ್ಕದ ಮೇಜಿನವರು ನನ್ನನ್ನು ಕಾಫಿ ಯಂತ್ರದ ಬಳಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು. "ಸುಮಿಮಾಸೆನ್, ಕ್ಷಮಿಸಿ. ಕೋಡುಬಳೆಗೆ ಸಮನಾದದ್ದು ಏನು ಎಂದು ಅಮ್ಮ ಕೇಳುತ್ತಿದ್ದಾರೆ. ಎರಡು ದಿನದಿಂದ ಅವರಿಗೆ ಅದೇ ಯೋಚನೆ."

ನಾವು ಒಪ್ಪಂದಕ್ಕೆ ಬಂದೆವು. ಮುಂದಿನ ಸಲ ಖಾಲಿ ಕೊಟ್ಟುಬಿಡಿ, ಅವರೇನೂ ಅಂದುಕೊಳ್ಳುವುದಿಲ್ಲ ಎಂದು ಅವರು ಅವರಮ್ಮನಿಗೆ ಹೇಳುವುದು, ನಾನು ಅತ್ತೆಗೆ ಹೇಳುವುದು. ಮರುದಿನ ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಬಂದೆವು. "ನಿಮ್ಮವರು ಏನೆಂದರು?" ಎಂದೆ. "ಖಾಲಿಯಾ, ಎಂದರು" ಎಂದರು ಅವರು. "ನಿಮ್ಮವರು?" "ಅದನ್ನೇ."

ಹೊರಡುವ ಮುನ್ನ ಅವರು ಇನ್ನೊಂದು ಕೇಳಿದರು. ಡಬ್ಬಿಯ ಮುಚ್ಚಳದ ಮೇಲೆ ಏನೋ ಕೆತ್ತಿದೆ, ಅದು ನಿಮ್ಮ ಅತ್ತೆಯವರ ಹೆಸರೇ ಎಂದು ಅಮ್ಮನಿಗೆ ತಿಳಿಯಬೇಕಂತೆ. ಬದನೆ ತುಂಬಿದ ಡಬ್ಬಿ ಅವತ್ತೇ ನನ್ನ ಕೈ ಸೇರಿತ್ತು, ಮನೆಗೆ ಬಂದು ಮುಚ್ಚಳವನ್ನು ಬೆಳಕಿಗೆ ಹಿಡಿದು ಓದಿದೆ. 'ಗೃಹಪ್ರವೇಶದ ನೆನಪಿಗಾಗಿ' ಎಂದಿತ್ತು. ಕೆಳಗಿದ್ದ ಹೆಸರು ನಮ್ಮ ಎರಡೂ ಕುಟುಂಬಗಳಲ್ಲಿ ಯಾರದೂ ಅಲ್ಲ.

"ಅದಾ?" ಎಂದರು ಅತ್ತೆ, ಒಗ್ಗರಣೆಯ ಕಡೆಯಿಂದ ತಿರುಗದೆ. "ಹಳೇ ಮನೆ ಹತ್ರ ಇದ್ರಲ್ಲ, ಅವರದು. ಒಂದ್ಸಲ ಚಿರೋಟಿ ತುಂಬಿಸಿ ಕೊಟ್ಟಿದ್ರು. ಖಾಲಿ ಹೆಂಗೆ ಕೊಡೋದು ಅಂತ ಇಟ್ಕೊಂಡಿದ್ದೆ. ಅಷ್ಟರಲ್ಲಿ ಅವರಿಗೆ ಶಿವಮೊಗ್ಗಕ್ಕೆ ಟ್ರಾನ್ಸ್‌ಫರ್ ಆಗೋಯ್ತು."

ಕೆಂಪು ಹೂವು

ಹಗಲು ರಾತ್ರಿ ಸಮನಾಗುವ ದಿನಗಳಲ್ಲಿ ಇಲ್ಲಿ ರಜೆ ಇರುತ್ತದೆ. ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬ, ನಮ್ಮ ಪಿತೃಪಕ್ಷದ ಆಸುಪಾಸಿನಲ್ಲೇ ಬರುತ್ತದೆ. ಹಳ್ಳಿಯ ಅಜ್ಜಿ ನಮ್ಮನ್ನು ಒಂದು ದಿನ ಉಳಿಯುವ ಹಾಗೆ ಕರೆದರು. ಗದ್ದೆಯ ಬದುಗಳ ಮೇಲೆಲ್ಲ ಆಗ ಎಲೆಯೇ ಇಲ್ಲದ ಕಡ್ಡಿಗಳ ತುದಿಯಲ್ಲಿ ಕಡುಕೆಂಪು ಹೂವು. ಬದುವೇ ಉರಿಯುತ್ತಿದೆ ಎನ್ನಿಸುವಷ್ಟು ಹೂವು.

ಈಗ ಮೈಸೂರಿನ ಬೆಳಗಿನ ವಾಕಿಂಗ್ ಹೆಂಗಸರ ಒಂದು ಗುಣ ಹೇಳಬೇಕು. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಕಾಂಪೌಂಡಿನಿಂದ ಹೊರಗೆ ಚಾಚಿದ ಹೂವು ಯಾರದೇ ಆಗಲಿ, ಅದು ದೇವರದು. ಮರುದಿನ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅತ್ತೆ ಬದುವಿನುದ್ದಕ್ಕೂ ನಡೆದು ಒಂದು ಕವರಿನ ತುಂಬ ಕೆಂಪು ಹೂವು ಬಿಡಿಸಿಕೊಂಡು ಅಂಗಳಕ್ಕೆ ಬಂದಿದ್ದರು.

ಹಳ್ಳಿಯ ಅಜ್ಜಿ ಕೈಯಲ್ಲಿದ್ದ ಪೊರಕೆ ಬಿಟ್ಟು ಓಡಿಬಂದರು. ಆ ಹೂವನ್ನು ಅಲ್ಲಿ ಯಾರೂ ಕೀಳುವುದಿಲ್ಲ, ಮನೆಯೊಳಗಂತೂ ತರುವುದೇ ಇಲ್ಲ. ಸತ್ತವರ ಹೂವು ಅದು. ಸಾಲದ್ದಕ್ಕೆ ವಿಷ. ಅಜ್ಜಿ ಅತ್ತೆಯನ್ನು ಬಾವಿಕಟ್ಟೆಗೆ ಕರೆದೊಯ್ದು, ಕೂರಿಸಿ, ಸೋಪು ಹಚ್ಚಿ ಬೆರಳು ಬೆರಳಿನ ಸಂದಿಯನ್ನೂ ಉಜ್ಜಿ ಉಜ್ಜಿ ತೊಳೆದರು. ಅರವತ್ತೊಂಬತ್ತು ವರ್ಷದ ನಮ್ಮ ಅತ್ತೆ ಮಣ್ಣಾಟ ಆಡಿ ಬಂದ ಮಗುವಿನ ಹಾಗೆ ಎರಡೂ ಕೈ ಮುಂದೆ ಚಾಚಿ ಕೂತಿದ್ದರು.

ನಾನು ನಾಚಿಕೆಯಿಂದ ವಿವರ ತಿಳಿಸಿದೆ. "ಅತ್ತೆ, ಅದು ದೇವರಿಗೆ ಏರಿಸೋ ಹೂವಲ್ಲ. ಸತ್ತೋರು ನೋಡೋಕೆ ಬರೋ ದಿನಗಳಲ್ಲಿ ಅರಳೋ ಹೂವಂತೆ."

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಹಾಗಾದ್ರೆ ಸರಿಯಾಗೇ ಇದೆಯಲ್ಲ. ನಿಮ್ಮ ಮಾವನಿಗೇ ಆಯ್ತು ಬಿಡಿ."

ಫೋನಿನಲ್ಲಿದ್ದ, ತೀರಿಕೊಂಡ ಮಾವನ ಫೋಟೋವನ್ನು ಹೊರಗಿನ ಕಲ್ಲಿನ ಮೇಲೆ ನಿಲ್ಲಿಸಿ ಅದರ ಮುಂದೆ ಹೂವಿಟ್ಟೆವು. ಹಳ್ಳಿಯ ಅಜ್ಜಿ ಊದುಬತ್ತಿ ಹಚ್ಚಿ ತಂದು, ಫೋಟೋಗೆ ಕೈಮುಗಿದು ಬಹಳ ಹೊತ್ತು ಏನೋ ಹೇಳಿಕೊಂಡರು. ಏನು ಹೇಳಿದಿರಿ ಎಂದು ಮಗಳು ಕೇಳಿದಳು. ಅಜ್ಜಿ ನಕ್ಕು ಹೇಳಿದ್ದನ್ನು ಮಗಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ನಮಗೆ ದಾಟಿಸಿದಳು: "ನಿಮ್ಮ wife ತುಂಬಾ ಹೂವು ಕಿತ್ತಿದಾರೆ, ಆದ್ರೆ please ಬೈಬೇಡಿ ಅಂದ್ರಂತೆ."

ಹೂರಣ ಹೊರಗೆ

ಅದೇ ಮಧ್ಯಾಹ್ನ ಹಿರಿಯರಿಗೆ ಎಡೆಯಿಟ್ಟ ಸಿಹಿಯನ್ನು ಬಡಿಸಿದರು. ಬೇಯಿಸಿದ ಅನ್ನವನ್ನು ಉಂಡೆ ಮಾಡಿ, ಅದರ ಮೇಲೆ ಕೆಂಪು ಕಾಳಿನ ಸಿಹಿ ಹೂರಣವನ್ನು ದಪ್ಪಗೆ ಮೆತ್ತಿದ ಉಂಡೆ. ಅತ್ತೆ ತಟ್ಟೆ ತಿರುಗಿಸಿ ಎಲ್ಲ ಕಡೆಯಿಂದಲೂ ನೋಡಿದರು. ಒಂದು ತುತ್ತು ತಿಂದರು. ಅನುಕಂಪದಿಂದ ಹಳ್ಳಿಯ ಅಜ್ಜಿಯ ಕೈ ತಟ್ಟಿದರು.

"ರುಚಿ ಚೆನ್ನಾಗಿದೆ ಅಂತ ಹೇಳಿ ಅಳಿಯಂದಿರೇ. ಕಡುಬಿನ ಒಳಗಿಂದು ಹೊರಗೆ ಬಂದುಬಿಟ್ಟಿದೆ, ನನಗೂ ಮೊದಮೊದಲು ಹೀಗೇ ಒಡೆದುಹೋಗ್ತಿತ್ತು, ಬೇಜಾರು ಮಾಡ್ಕೋಬೇಡಿ ಅಂತಾನೂ ಹೇಳಿ."

ನಾನು ಮೊದಲನೆಯದನ್ನು ಮಾತ್ರ ಹೇಳಿದೆ.

ವಿಮಾನ ನಿಲ್ದಾಣದಲ್ಲಿ ಬಿಳಿ ಟ್ರಕ್ಕು

ಅತ್ತೆ ಹೊರಡುವ ದಿನ ಬಂತು. ಡಬ್ಬಿ ಆಗ ಹಳ್ಳಿಯಲ್ಲಿತ್ತು. "ಇರಲಿ ಬಿಡಿ, ನಂದೇನಲ್ಲವಲ್ಲ" ಎಂದರು ಅತ್ತೆ, ಆದರೆ ಸೂಟ್‌ಕೇಸಿನಲ್ಲಿ ಡಬ್ಬಿಯಷ್ಟು ಜಾಗ ಬಿಟ್ಟಿದ್ದನ್ನು ನಾನು ಕಂಡೆ. ಮಗಳು ಬೆಳಿಗ್ಗೆಯಿಂದ ಅಜ್ಜಿಯ ಸೆರಗು ಹಿಡಿದು ಓಡಾಡುತ್ತಿದ್ದಳು. ಕೇಳುವುದನ್ನು ನಿಲ್ಲಿಸಿದ್ದಳು. ಇನ್ನೊಂದು 'ನೋಡೋಣ' ಕೇಳುವ ಧೈರ್ಯ ಅವಳಿಗಿರಲಿಲ್ಲ, ನಮಗೂ ಇರಲಿಲ್ಲ.

ನರಿತಾದಲ್ಲಿ ಸಾಮಾನು ಕಳಿಸಿ ತಿರುಗುವಷ್ಟರಲ್ಲಿ ಹಳ್ಳಿಯ ಅಜ್ಜ, ಅಜ್ಜಿ ಓಡೋಡಿ ಬಂದರು. ಹೊಲಕ್ಕೆ ಗೊಬ್ಬರ ಹೊರುವ ತಮ್ಮ ಪುಟ್ಟ ಬಿಳಿ ಟ್ರಕ್ಕಿನಲ್ಲೇ ಬಂದಿದ್ದರು. ಅಜ್ಜ ಕೋಟು ಹಾಕಿದ್ದರು, ತಲೆಯ ಮೇಲೆ ಅದೇ ಹುಲ್ಲಿನ ಟೋಪಿ. ಅಜ್ಜಿಯ ಕೈಯಲ್ಲಿ ಗಂಟು.

ಗಂಟು ಬಿಚ್ಚಿ ಮುಚ್ಚಳ ತೆಗೆದರು. ಡಬ್ಬಿಯ ತುಂಬ ಹೊಸ ಅಕ್ಕಿ. ಆ ವರ್ಷದ ಮೊದಲ ಕುಯ್ಲು, ಅತ್ತೆ ಹೂ ಕಿತ್ತ ಬದುವಿನ ಪಕ್ಕದ ಗದ್ದೆಯದು. ಅಜ್ಜಿ ಎರಡೂ ಕೈಯಿಂದ ಡಬ್ಬಿಯನ್ನು ಮುಂದೆ ಹಿಡಿದರು.

ಅತ್ತೆ ಎರಡೂ ಕೈಯಿಂದ ಸೆರಗು ಒಡ್ಡಿದರು.

ಯೋಚಿಸಿ ಮಾಡಿದ್ದಲ್ಲ. ಊರಿಗೆ ಹೊರಟು ನಿಂತ ಹೆಣ್ಣಿನ ಮುಂದೆ ತವರಿನವರು ಅಕ್ಕಿ ಹಿಡಿದರೆ ಕೈ ತಾನಾಗಿ ಮಡಿಲು ಒಡ್ಡುತ್ತದೆ. ಮಾವ ಹೋದ ಮೇಲೆ ಅತ್ತೆಯ ಮಡಿಲಿಗೆ ಯಾರೂ ಅಕ್ಕಿ ಹಾಕಿರಲಿಲ್ಲ. ನಮ್ಮಲ್ಲಿ ಹಾಕುವುದಿಲ್ಲ. ಈ ಪದ್ಧತಿ ಮಾಡಿದವರು ಯಾರೋ, ಅವರ ಮೇಲೆ ನನಗೆ ಅವತ್ತಿನಷ್ಟು ಸಿಟ್ಟು ಯಾವತ್ತೂ ಬಂದಿಲ್ಲ. ಅತ್ತೆಗೆ ಅದು ನೆನಪಾಗಿ ಸೆರಗು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ತಡವಾಗಿತ್ತು. ಬಟ್ಟೆಯಲ್ಲಿ ಕಟ್ಟಿ ಒಯ್ಯುವುದು ಹಳ್ಳಿಯ ಅಜ್ಜಿಗೆ ಹೊಸದೇನಲ್ಲ. ಇವರು ಬಟ್ಟೆ ಒಡ್ಡಿದರು, ಅವರು ಅಕ್ಕಿ ಸುರಿದರು.

ನನ್ನ ಹೆಂಡತಿ ಅತ್ತ ತಿರುಗಿ ಕಣ್ಣು ಒರೆಸಿಕೊಂಡಳು. ಅತ್ತೆ ಅಳಲಿಲ್ಲ. ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ಡಬ್ಬಿಗೆ ಹಾಕಿದರು. ಇನ್ನೊಂದು ಹಿಡಿ. ಮತ್ತೊಂದು. ಕೊಟ್ಟದ್ದು ಬೇಡವಾಯಿತೇನೋ ಎಂದು ಹಳ್ಳಿಯ ಅಜ್ಜಿಯ ಮುಖ ಬಾಡಿತು. ಮಗಳನ್ನು ಮುಂದೆ ತಳ್ಳಿ ನಾನು ಪಿಸುಗುಟ್ಟಿದೆ, ಅವಳು ಮುದ್ದಾದ ಜಪಾನಿಯಲ್ಲಿ ಹೇಳಿದಳು: ಅಮ್ಮನ ಮನೆಯಿಂದ ಹೊರಡುವ ಮಗಳಿಗೆ ಹೀಗೆ ಅಕ್ಕಿ ಕೊಡುತ್ತಾರೆ. ಅಮ್ಮನ ಮನೆ ಯಾವಾಗಲೂ ತುಂಬಿರಲಿ ಎಂದು ಮಗಳು ಸ್ವಲ್ಪ ವಾಪಸ್ ಹಾಕುತ್ತಾಳೆ.

ಹಳ್ಳಿಯ ಅಜ್ಜಿ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಂದರೆ ಇವರು ನನ್ನ ಮಗಳೇ? ನನಗಿಂತ ಎರಡು ವರ್ಷ ದೊಡ್ಡವರಲ್ಲವೇ!"

ಅಜ್ಜ ಟೋಪಿಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅಜ್ಜಿ ಮಾತ್ರ ಮುಚ್ಚಳ ಹಾಕಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸೊಂಟದವರೆಗೆ ಬಾಗಿದರು. ಡಬ್ಬಿ ಅವರ ಬಳಿಯೇ ಉಳಿಯಿತು, ಖಾಲಿಯಲ್ಲ.

ಅತ್ತೆ ಅಕ್ಕಿಯನ್ನು ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡರು. ಆಗ ಮಗಳು ಧೈರ್ಯ ಮಾಡಿದಳು. "ಅಜ್ಜಿ, next year ಬರ್ತೀಯಾ?"

ನಾನು, ಹೆಂಡತಿ ಇಬ್ಬರೂ ನೆಲ ನೋಡಿದೆವು.

"ಬರದೆ ಇರಕ್ಕಾಗುತ್ತೇನೇ?" ಎಂದರು ಅತ್ತೆ. "ಮಡಿಲು ತುಂಬಿ ಕಳಿಸಿದಾರೆ. ಡಬ್ಬಿ ಬೇರೆ ಅಲ್ಲಿದೆ. ಹೆಣ್ಣಾದವಳು ತವರುಮನೆಗೆ ವರ್ಷಕ್ಕೊಂದು ಸಲನಾದ್ರೂ ಬರಬೇಡ್ವಾ?"

ಮಗಳು ಕುಣಿದಳು. ನನಗೂ ಕುಣಿಯುವಷ್ಟು ಸಂತೋಷವಾಗಿ, ಸಲಿಗೆಯಿಂದ ಕೇಳಿಯೇಬಿಟ್ಟೆ: "ಹಾಗಾದ್ರೆ ಅತ್ತೆ, ನಮ್ಮ ಮನೆಗೂ ಬರ್ತೀರಿ ತಾನೇ?"

ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ನೋಡೋಣ" ಎಂದರು.